ಕಾರಿನ ಮೈ, ನಮ್ಮ ಕೈ

ನಾವು ಕಾರು ತೊಳೆಯುವ ಹೆಂಗಸರು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಮ್ಮ ಕೆಲಸ. ಹೊತ್ತು ಮೂಡುವ ಮುಂಚೆ ಬಕೆಟ್ ಹಿಡಿಯುತ್ತೇವೆ. ಆಮೇಲೆ ಮನೆಗೆಲಸಕ್ಕೆ ಹೋಗುತ್ತೇವೆ. "ಕಾರು ತೊಳೆಯೋದು ಗಂಡಸರ ಕೆಲಸ" ಅಂದವರಿದ್ದರು. ಪಾತ್ರೆ ಫಳಫಳ ಹೊಳೆಯುವ ಹಾಗೆ ತಿಕ್ಕುವ ಕೈಗೆ ಕಾರು ಯಾವ ಲೆಕ್ಕ ಅಂದುಕೊಂಡೆವು. ಆದರೆ ಕಾರು ಪಾತ್ರೆಯಲ್ಲ. ಇದು ತಿಳಿದದ್ದು ಪೆಟ್ಟು ತಿಂದ ಮೇಲೆ.

ಒಂದು ದಿನ ನಮ್ಮಲ್ಲೊಬ್ಬಳು ಕಪ್ಪು ಕಾರು ತೊಳೆಯುತ್ತಿದ್ದಳು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು. ಸಿಮೆಂಟಿನ ಧೂಳು ಕಾರಿನ ಮೇಲೆ ಕೂತು ತರಿತರಿಯಾಗಿತ್ತು. ಸೋಪು ಹಾಕಿದರೂ ಹೋಗಲಿಲ್ಲ. ಪಾತ್ರೆ ತಿಕ್ಕುವ ಹಸಿರು ನಾರು ತಂದು ತಿಕ್ಕಿದಳು. ತರಿ ಹೋಯಿತು. ಜೊತೆಗೆ ಹೊಳಪೂ ಹೋಯಿತು. ಬಿಸಿಲಿಗೆ ನೋಡಿದರೆ ಜೇಡರ ಬಲೆಯಂಥ ಗೀರುಗಳು! ಕಾರಿನವರು ಎರಡು ತಿಂಗಳ ದುಡ್ಡು ಹಿಡಿದುಕೊಂಡರು. "ಗೊತ್ತಿಲ್ಲದೆ ಮಾಡಿಬಿಟ್ಟೆ ಅಕ್ಕಾ" ಎಂದು ಅತ್ತಳು. ಅವಳೊಬ್ಬಳಿಗೇ ಅಲ್ಲ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಂದಿನಿಂದ ಕೇಳಿ ಕೇಳಿ ಕಲಿತೆವು. ಕಲಿತದ್ದನ್ನು ಇಲ್ಲಿ ಹೇಳುತ್ತೇವೆ.

ಕಾರಿನ ಬಣ್ಣ ಎಂದರೆ ಏನು?

ಬಣ್ಣ ಒಂದೇ ಪದರವಲ್ಲ. ಕೆಳಗೆ ತಗಡು. ಅದರ ಮೇಲೆ ಪ್ರೈಮರ್. ಅದರ ಮೇಲೆ ಬಣ್ಣ. ಎಲ್ಲಕ್ಕಿಂತ ಮೇಲೆ ಗಾಜಿನಂತೆ ತಿಳಿಯಾದ ಒಂದು ಪದರ. ಈಗಿನ ಹೆಚ್ಚಿನ ಕಾರುಗಳಲ್ಲಿ ಹೀಗೇ ಇರುತ್ತದೆ. ಹೊಳೆಯುವುದು ಈ ಮೇಲಿನ ಪದರ. ಗೀರು ಬೀಳುವುದೂ ಇದಕ್ಕೇ. ಇದು ನಮ್ಮ ತಲೆಕೂದಲಿಗಿಂತ ತೆಳು. ಒಮ್ಮೆ ಸವೆದರೆ ತಾನಾಗಿ ಬೆಳೆಯುವುದಿಲ್ಲ.

ಈ ಪದರಕ್ಕೆ ಏನೇನೋ ಅಂಟುತ್ತದೆ. ಬ್ರೇಕ್ ಹಾಕಿದಾಗ ಏಳುವ ಕಬ್ಬಿಣದ ಪುಡಿ. ಮರದ ಅಂಟು. ಹತ್ತಿರದ ಗೇಟಿಗೆ ಬಣ್ಣ ಹೊಡೆದಾಗ ಹಾರಿದ ಹನಿ. ಇವು ಸೋಪಿಗೆ ಬಿಡುವುದಿಲ್ಲ. ಇವನ್ನು ಎತ್ತಲು ಇರುವುದೇ ಕ್ಲೇ ಬಾರ್.

ಕ್ಲೇ ಬಾರ್ ಎಂದರೆ ಏನು?

ಕ್ಲೇ ಅಂದರೆ ಜೇಡಿಮಣ್ಣು. ಆದರೆ ಇದು ಕೆರೆಯ ಮಣ್ಣಲ್ಲ! ಕಾರ್ಖಾನೆಯಲ್ಲಿ ಮಾಡಿದ ಮೆತ್ತನೆ ಉಂಡೆ. ನಾದಿದ ಹಿಟ್ಟಿನ ಹಾಗೆ ಇರುತ್ತದೆ. ಒಳಗೆ ಬಹಳ ನುಣ್ಣನೆಯ ಪುಡಿ ಬೆರೆಸಿರುತ್ತಾರೆ. ಬಣ್ಣದ ಮೇಲೆ ಜಾರಿಸಿದರೆ ಅಂಟಿದ ಕೊಳೆಯನ್ನು ಎತ್ತಿಕೊಳ್ಳುತ್ತದೆ.

ಇದು ಎಲ್ಲ ಕಾರಿಗೂ ಬೇಕೇ? ಇಲ್ಲ. ಮೊದಲು ಪರೀಕ್ಷೆ ಮಾಡಿ. ಕಾರು ತೊಳೆದು ಒರೆಸಿ. ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ. ಬೆರಳಿನಿಂದ ಬಾನೆಟ್ಟನ್ನು ಮೆಲ್ಲಗೆ ಸವರಿ. ಗಾಜಿನಂತೆ ನುಣುಪಾಗಿದೆಯೇ? ಕ್ಲೇ ಬೇಡ. ರವೆ ತಾಕಿದಂತಿದೆಯೇ? ಆಗ ಬೇಕು. ಬರಿಗೈಗೆ ತಿಳಿಯದ ತರಿಯೂ ಚೀಲದಲ್ಲಿ ತಿಳಿಯುತ್ತದೆ.

ಅಂಗಡಿಯಲ್ಲಿ ನುಣುಪು, ಒರಟು ಎಂದು ಬೇರೆ ಬೇರೆ ಕ್ಲೇ ಸಿಗುತ್ತವೆ. ನಾವು ನುಣುಪಿನದನ್ನೇ ಕೊಳ್ಳಬೇಕು. ಒರಟಾದದ್ದು ಬೇಗ ಕೆಲಸ ಮಾಡುತ್ತದೆ. ಆದರೆ ಬಣ್ಣವನ್ನು ಮಂಕು ಮಾಡುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ ನೀಲಿ ನುಣುಪಾದರೆ, ಇನ್ನೊಂದರ ನೀಲಿ ಒರಟಾಗಿರಬಹುದು. ಕೇಳಿಯೇ ಕೊಳ್ಳಿ.

ಕ್ಲೇ ಬಳಸುವುದು ಹೇಗೆ?

ಕಾರು ನೆರಳಿನಲ್ಲಿರಲಿ. ಮೈ ತಣ್ಣಗಿರಲಿ. ಮೊದಲು ಚೆನ್ನಾಗಿ ತೊಳೆಯಿರಿ. ಮರಳು ಒಂದು ಕಾಳೂ ಇರಬಾರದು. ಕ್ಲೇಯಲ್ಲಿ ಒಂದು ಚೂರು ಮುರಿದು, ರೊಟ್ಟಿಗೆ ತಟ್ಟುವ ಹಾಗೆ ಚಪ್ಪಟೆ ಮಾಡಿ. ಕ್ಲೇ ಜೊತೆ ಬರುವ ಜಾರು ನೀರನ್ನು ಕಾರಿಗೆ ಸಿಂಪಡಿಸಿ. ಅದಿಲ್ಲದಿದ್ದರೆ ಕಾರಿನ ಶಾಂಪೂ ಬೆರೆಸಿದ ನೀರೂ ನಡೆಯುತ್ತದೆ. ಒಣ ಮೈಗೆ ಕ್ಲೇ ತಾಕಿಸಲೇಬಾರದು. ಗೀರು ಬೀಳುತ್ತದೆ.

ಒಂದು ಮೊಳದಷ್ಟು ಜಾಗ ಮಾತ್ರ ಹಿಡಿಯಿರಿ. ಹಿಂದೆ ಮುಂದೆ, ನೇರವಾಗಿ ಜಾರಿಸಿ. ಒತ್ತಬೇಡಿ. ಮೊದಲು ಚರಚರ ಎನ್ನುತ್ತದೆ. ತರಿ ಹೋದ ಮೇಲೆ ಸದ್ದು ನಿಲ್ಲುತ್ತದೆ, ಕೈ ಹಗುರವಾಗಿ ಜಾರುತ್ತದೆ. ಆಗ ಸಾಕು. ಕ್ಲೇ ತಿರುಗಿಸಿ ನೋಡಿ. ಕೊಳೆ ಕಂಡರೆ ಮಡಚಿ, ನಾದಿ, ಹೊಸ ಮೈ ಹೊರಗೆ ತನ್ನಿ.

ಕ್ಲೇ ನೆಲಕ್ಕೆ ಬಿತ್ತೇ? ಬಿಸಾಡಿ. ತೊಳೆದರೂ ಅದರ ಮರಳು ಹೋಗುವುದಿಲ್ಲ. ಅದನ್ನೇ ಬಳಸಿದರೆ ಕಾರಿಗೆ ಗೀರು, ನಮಗೆ ಮಾತು. ಅದಕ್ಕೇ ಚೂರು ಮುರಿದು ಬಳಸಿ ಎಂದದ್ದು. ಬಿದ್ದರೆ ಒಂದು ಚೂರು ಮಾತ್ರ ಹಾಳು.

ಕ್ಲೇ ಪದೇ ಪದೇ ಬೇಡ. ವರ್ಷಕ್ಕೆ ಒಂದೆರಡು ಸಲ ಸಾಕು. ಇದು ಗೀರು ತೆಗೆಯುವುದಿಲ್ಲ. ದಪ್ಪಗೆ ಕಟ್ಟಿದ ಸಿಮೆಂಟನ್ನೂ ತೆಗೆಯುವುದಿಲ್ಲ. ಅಂಥದ್ದು ಕಂಡರೆ ತಿಕ್ಕಬೇಡಿ, ಕಾರಿನವರಿಗೆ ತೋರಿಸಿ. ಹೊಳಪೇ ಇಲ್ಲದ ಮ್ಯಾಟ್ ಬಣ್ಣದ ಕಾರಿಗೆ ಕ್ಲೇ, ವ್ಯಾಕ್ಸ್ ಎರಡೂ ಬೇಡ.

ಆಮೇಲೆ ವ್ಯಾಕ್ಸ್

ಕ್ಲೇ ಹಳೆಯ ವ್ಯಾಕ್ಸನ್ನೂ ಎತ್ತಿಬಿಡುತ್ತದೆ. ಕಾರಿನ ಮೈ ಬರಿದಾಗುತ್ತದೆ. ಅದಕ್ಕೇ ವ್ಯಾಕ್ಸ್ ಹಚ್ಚಬೇಕು. ವ್ಯಾಕ್ಸ್ ಎಂದರೆ ಮೇಣ. ಕಾರಿನ ಹೆಸರಾದ ಮೇಣ ಕಾರ್ನೌಬಾ. ಬ್ರೆಜಿಲ್ ದೇಶದ ತಾಳೆ ಜಾತಿಯ ಮರದ ಎಲೆಯಿಂದ ಅದನ್ನು ತೆಗೆಯುತ್ತಾರೆ.

ಕಾರು ಒರೆಸಿ ಒಣಗಿಸಿ. ವ್ಯಾಕ್ಸನ್ನು ತೆಳ್ಳಗೆ ಹಚ್ಚಿ. ದಪ್ಪ ಹಚ್ಚಿದರೆ ಹೊಳಪು ಹೆಚ್ಚುವುದಿಲ್ಲ, ಒರೆಸುವ ಕಷ್ಟ ಹೆಚ್ಚುತ್ತದೆ. ಮಂಜು ಕವಿದಂತೆ ಆದ ಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಕಪ್ಪು ಪ್ಲಾಸ್ಟಿಕ್ಕಿಗೆ, ಮುಂದಿನ ಗಾಜಿಗೆ ತಾಗಿಸಬೇಡಿ. ಪ್ಲಾಸ್ಟಿಕ್ ಮೇಲೆ ಬಿಳಿ ಕಲೆ ಉಳಿಯುತ್ತದೆ. ಈ ಮೇಣ ಕೆಲವು ವಾರ, ಹೆಚ್ಚೆಂದರೆ ಎರಡು ಮೂರು ತಿಂಗಳು ಇರುತ್ತದೆ. ಪಾತ್ರೆ ಸೋಪು ಹಾಕಿದರೆ ಬೇಗ ಹೋಗುತ್ತದೆ.

ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಪಾಲಿಶ್ ಮೇಲಿನ ಪದರವನ್ನು ಸವೆಸುತ್ತದೆ. ವ್ಯಾಕ್ಸ್ ಅದನ್ನು ಮುಚ್ಚಿ ಕಾಯುತ್ತದೆ. ಎರಡರ ಡಬ್ಬವೂ ಒಂದೇ ಥರ ಕಾಣುತ್ತದೆ. ಅದರ ಮೇಲೆ ಇಂಗ್ಲಿಷ್ ಅಕ್ಷರ. ನಮಗೆ ಬರುವುದು ಕನ್ನಡ. ಏನು ಮಾಡಿದೆವು ಗೊತ್ತೇ? ಅಂಗಡಿಯವರಿಂದ ಓದಿಸಿಕೊಂಡೆವು. ಮನೆಗೆ ಬಂದು ಚೀಟಿ ಅಂಟಿಸಿದೆವು. "ಮೇಣ. ಕೊನೆಗೆ ಹಚ್ಚುವುದು" ಎಂದು ನಾವೇ ಬರೆದೆವು. ಅಕ್ಷರ ಸೊಟ್ಟಗಿದೆ. ಆದರೆ ಇವತ್ತಿನವರೆಗೆ ಡಬ್ಬ ಅದಲುಬದಲಾಗಿಲ್ಲ.

ಕೆಲಸಕ್ಕೆ ತಕ್ಕ ಕೂಲಿ

ಕ್ಲೇ ಮತ್ತು ವ್ಯಾಕ್ಸ್ ದಿನದ ತೊಳೆಯುವ ಕೆಲಸವಲ್ಲ. ಒಂದು ಕಾರಿಗೆ ಅರ್ಧ ದಿನ ಹಿಡಿಯುತ್ತದೆ. ಸಾಮಾನಿನ ಖರ್ಚು ಬೇರೆ. ಆದ್ದರಿಂದ ಬೇರೆ ಕೂಲಿ ಕೇಳಬೇಕು. ಶುರು ಮಾಡುವ ಮುಂಚೆಯೇ ಮಾತಾಡಿ. ಮೊದಲೇ ಇರುವ ಗೀರುಗಳನ್ನು ಕಾರಿನವರಿಗೆ ತೋರಿಸಿ, ಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೊಳ್ಳಿ. ಅಂದು ಅತ್ತವಳೇ ಈಗ ನಮ್ಮ ಪುಸ್ತಕ ಬರೆಯುತ್ತಾಳೆ. ಆಮೇಲೆ ಯಾರ ದುಡ್ಡನ್ನೂ ಯಾರೂ ಹಿಡಿದಿಲ್ಲ.

ನೆನಪಿಡೋಣ

ಮೊದಲು ತೊಳೆ, ಆಮೇಲೆ ಮುಟ್ಟಿ ನೋಡು.
ಒಣ ಮೈಗೆ ಕ್ಲೇ ಬೇಡ.
ನೆಲಕ್ಕೆ ಬಿದ್ದ ಕ್ಲೇ ಕಸಕ್ಕೆ.
ಕ್ಲೇ ಆದ ಮೇಲೆ ಮೇಣ, ತೆಳ್ಳಗೆ.

ಕೂಡಿ ಮಾತಾಡೋಣ

ನಿಮ್ಮ ಕೆಲಸದಲ್ಲಿ ಗೊತ್ತಿಲ್ಲದೆ ನಷ್ಟವಾದದ್ದು ಉಂಟೇ? ಯಾವ ಡಬ್ಬದ ಮೇಲೆ ನೀವು ಚೀಟಿ ಬರೆದು ಅಂಟಿಸುತ್ತೀರಿ?