ಆಟದ ಪೀರಿಯಡ್ ಯಾರ ಪಾಲು?



ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕಗಳಿಗೆ ರಟ್ಟು ಹಾಕುವಾಗ ನಾವು ಗಣಿತ, ವಿಜ್ಞಾನದ ಹಾಳೆಗಳನ್ನು ತಿರುವಿ ನೋಡುತ್ತೇವೆ. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣಕ್ಕೂ ಪಠ್ಯಪುಸ್ತಕವಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹತ್ತನೆಯ ತರಗತಿಯವರೆಗೆ ಇದು ಕಡ್ಡಾಯ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2023ರ ಚೌಕಟ್ಟು ಇದಕ್ಕೆ ಯೋಗಕ್ಷೇಮವನ್ನೂ ಸೇರಿಸಿ, ಉಳಿದ ವಿಷಯಗಳ ಸಾಲಿನಲ್ಲೇ ಕೂರಿಸಿತು. ಆದರೂ ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಗಳಲ್ಲಿ ಆಟಕ್ಕೆ ಒಂದೂ ಇಲ್ಲ. ತೊಡಕು ಶುರುವಾಗುವುದೇ ಇಲ್ಲಿ. ದಸರಾ ರಜೆ ಮುಗಿಯುತ್ತಲೇ ಹತ್ತನೆಯ ತರಗತಿಯ ಆಟದ ಪೀರಿಯಡ್ ಗಣಿತದ ಪಾಲಾಗುತ್ತದೆ. ಹಾಗೆ ಮಾಡಿರೆಂದು ಶಾಲೆಗೆ ಹೋಗಿ ಕೇಳಿಕೊಳ್ಳುವವರು ಬಹಳ ಸಲ ನಾವೇ!

ಯಲಬುರ್ಗಾ ಸೀಮೆಯಲ್ಲಿ ಇನ್ನೊಂದು ಮಾತಿದೆ: “ಹೊಲದಾಗ ದುಡಿಯೋ ಹುಡುಗಗ ಡ್ರಿಲ್ ಯಾಕ್ರೀ?” ಮಾತು ಸುಳ್ಳಲ್ಲ. ಆದರೆ ಕಳೆ ತೆಗೆಯುವ ಬೆನ್ನು ಒಂದೇ ಕಡೆ ಬಾಗುತ್ತದೆ. ಖೋ ಖೋ ಆಡುವ ಮಗು ಓಡುತ್ತದೆ, ತಿರುಗುತ್ತದೆ, ಸೋತು ಎದ್ದು ಮತ್ತೆ ಕೂರುತ್ತದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಿನ ಚಟುವಟಿಕೆ ಬೇಕೆಂದು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಹೊಲದ ಮಕ್ಕಳನ್ನು ಬಿಟ್ಟಲ್ಲ.

ಅಂಗಳ ಅಳೆದು ಗೆರೆ ಹಾಕಿ ಎನ್ನುತ್ತದೆ ಪಠ್ಯ. ಇಲ್ಲಿಯದು ಎರೆ ನೆಲ. ಮಳೆಗೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಪಿ.ಟಿ. ಮಾಸ್ತರು ಇದ್ದರೂ ಒಬ್ಬರೇ. ಪ್ರಾರ್ಥನೆ, ಶಿಸ್ತು, ಪಂದ್ಯಾಟದ ಓಡಾಟ ಎಲ್ಲವೂ ಅವರ ಕೊರಳಿಗೇ. ಇಷ್ಟರ ನಡುವೆ ಪ್ರತಿ ಮಗುವಿಗೂ ಶ್ರೇಣಿ ಬರೆಯಬೇಕು. ನಿಂತು ನೋಡಲು ಹೊತ್ತೆಲ್ಲಿ?

ನಿಂತು ನೋಡುವುದೇ ಇಲ್ಲಿ ದೊಡ್ಡ ಕೆಲಸ. ಯಲಬುರ್ಗಾ, ಕುಷ್ಟಗಿ ಕಡೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಕೀಲು ಬಿಗಿಯುತ್ತದೆ. ಬಗ್ಗಲಾರದ ಮಗುವಿಗೆ ‘ಸೋಮಾರಿ’ ಎಂದು ಕಡಿಮೆ ಶ್ರೇಣಿ ಹಾಕುವುದು ಸುಲಭ. ಅದೇ ಮಗುವನ್ನು ಆಸ್ಪತ್ರೆಗೆ ತೋರಿಸಿರೆಂದು ಮನೆಗೆ ಮೊದಲು ಹೇಳಿಕಳಿಸಬಲ್ಲವರೂ ಮೈದಾನದಲ್ಲಿ ನಿಂತ ಆ ಮಾಸ್ತರರೇ.

ಹೆಣ್ಣುಮಕ್ಕಳ ಮಾತು ಬೇರೆಯೇ. ಎಂಟನೆಯ ತರಗತಿಗೆ ಬಂದೊಡನೆ “ಸಾಕವ್ವ ಇನ್ನ ಓಡಾಡೋದು” ಎನ್ನುವುದು ಯಾವ ಪಠ್ಯಕ್ರಮವೂ ಅಲ್ಲ, ನಮ್ಮ ಮನೆಯೇ. ಮೈದಾನದ ಪಕ್ಕ ಬಾಗಿಲು ಹಾಕಿಕೊಳ್ಳುವ ಶೌಚಾಲಯ, ಅದರಲ್ಲಿ ನೀರು, ಆಡಲು ಒಗ್ಗುವ ಬಟ್ಟೆ ಇವಿಲ್ಲದಿದ್ದರೆ ಅವಳು ಗೋಡೆಗೊರಗಿ ನಿಂತೇ ಮೂರು ವರ್ಷ ಕಳೆಯುತ್ತಾಳೆ. ಮುಂದಿನ ಪಾಲಕರ ಸಭೆಯಲ್ಲಿ ನಾವು ಅಂಕಪಟ್ಟಿಯ ಜೊತೆಗೆ ವೇಳಾಪಟ್ಟಿಯನ್ನೂ ಕೇಳಿ ನೋಡೋಣ.