ಅಲ್ಪಬೆಲೆಯ ಬೇಸ್ ಗಿಟಾರ್: ಬೆಲೆಯೂ ಗುಣವೂ

ವಾದ್ಯಗೋಷ್ಠಿಯನ್ನು ಆಲಿಸುವ ರಸಿಕರ ಗಮನ ಸಾಮಾನ್ಯವಾಗಿ ಗಾಯಕನ ಕಂಠದ ಮೇಲೂ, ಕೊಳಲು, ಪಿಟೀಲು, ಕೀಬೋರ್ಡುಗಳ ಮೇಲೂ ನೆಲೆಸಿರುತ್ತದೆ. ಇವೆಲ್ಲಕ್ಕೂ ತಳಹದಿಯಾಗಿ ಮಂದ್ರಸ್ಥಾಯಿಯಲ್ಲಿ ನುಡಿಯುತ್ತ, ಒಂದು ಕಡೆ ಲಯವನ್ನೂ ಇನ್ನೊಂದು ಕಡೆ ಸ್ವರವನ್ನೂ ಹಿಡಿದು ನಿಲ್ಲಿಸುವ ವಾದ್ಯವೇ ಬೇಸ್ ಗಿಟಾರ್. ಅದು ನುಡಿಯುತ್ತಿರುವಾಗ ಬಹುಮಂದಿಗೆ ಅದರ ಇರವೇ ತಿಳಿಯದು; ನಿಂತೊಡನೆ ಹಾಡು ಬರಿದಾದಂತೆ ತೋರುತ್ತದೆ. ಶಂಕರ್‌ನಾಗ್ ನಿರ್ದೇಶಿಸಿ ಇಳಯರಾಜ ಸಂಗೀತ ನೀಡಿದ 1981ರ 'ಗೀತಾ' ಚಿತ್ರದ ಹಾಡುಗಳನ್ನು ಕಿವಿಗೊಟ್ಟು ಕೇಳಿದವರಿಗೆ ಈ ಮಾತು ಮನವರಿಕೆಯಾಗದಿರದು.

ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಪಾಶ್ಚಾತ್ಯ ವಾದ್ಯಗಳ ಪರಿಚಯ ಹೊಸದಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಂದಿನಿಂದ ಆಂಗ್ಲರೂ ಆಂಗ್ಲೋ-ಇಂಡಿಯನ್ನರೂ ಇಲ್ಲಿ ನೆಲೆಸಿದರು. ಅವರ ಕ್ಲಬ್ಬು, ಚರ್ಚುಗಳೊಡನೆ ಅವರ ಸಂಗೀತವೂ ಬಂದಿತು. ಅಂದು ಬೋರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಮ್‌ವರೆಗೆ 1894ರಲ್ಲಿ ರೈಲುಮಾರ್ಗ ತೆರೆದ ಮೇಲೆ ಹೊರಗಿನ ಸರಕು ಊರ ಬಾಗಿಲಿಗೇ ತಲುಪಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಅಂದಿನಿಂದ ಇಲ್ಲಿನ ಅನೇಕ ಕುಟುಂಬಗಳ ದುಡಿಮೆ ನಸುಕಿನ ರೈಲನ್ನೇರಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವುದೇ ಆಗಿದೆ. ಅಂಥ ಮನೆಯ ಮಗು ಬೇಸ್ ಗಿಟಾರ್ ಕಲಿಯಬಯಸಿದರೆ, ಪೋಷಕರು ಕೊಳ್ಳಬಲ್ಲುದು ಅಂಗಡಿಯಲ್ಲಿರುವ ಅತ್ಯಂತ ಅಗ್ಗದ ವಾದ್ಯವನ್ನು ಮಾತ್ರ. ಆದುದರಿಂದ ಅಗ್ಗದ ವಾದ್ಯ ಒಳ್ಳೆಯದೆ, ಕೆಟ್ಟದೆ ಎಂಬುದು ಶೋಕಿಯ ಪ್ರಶ್ನೆಯಲ್ಲ. ಆ ಮಗು ಸಂಗೀತದಲ್ಲಿ ಮುಂದುವರಿಯುವುದೆ, ಕೈಬಿಡುವುದೆ ಎಂಬ ಪ್ರಶ್ನೆ.

ಈ ವಾದ್ಯದ ಜನ್ಮವೃತ್ತಾಂತವನ್ನು ನೋಡಿದರೆ ಉತ್ತರದ ಸುಳಿವು ದೊರೆಯುತ್ತದೆ. 1930ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಎಂಬವರು ವಿದ್ಯುತ್ ಬೇಸ್ ಒಂದನ್ನು ತಯಾರಿಸಿದ್ದರೂ ಅದು ಪ್ರಚಾರಕ್ಕೆ ಬರಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಹೊರತಂದ 'ಪ್ರಿಸಿಷನ್ ಬೇಸ್' ಲೋಕಪ್ರಸಿದ್ಧವಾಯಿತು. ಅದಕ್ಕೆ ಮುನ್ನ ಮಂದ್ರಸ್ವರಕ್ಕಾಗಿ ಬಳಸುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದರ ನಾದ ಹುಟ್ಟುವುದು ಕುಶಲಕರ್ಮಿ ಕಡೆದು ತೆಳುಗೊಳಿಸಿದ ಮರದಿಂದ, ಅದರೊಳಗಿನ ಗಾಳಿಯಿಂದ. ಅಲ್ಲಿ ಕೈಕೆಲಸ ಕಡಿಮೆಯಾದಷ್ಟೂ ನಾದ ಕುಂದುತ್ತದೆ. ಫೆಂಡರ್ ಅದಕ್ಕೆ ಬದಲಾಗಿ ಗಟ್ಟಿ ಹಲಗೆಯೊಂದನ್ನು ಒಡಲಾಗಿಸಿ, ಅದಕ್ಕೆ ದಂಡಿಯನ್ನು ತಿರುಪುಮೊಳೆಗಳಿಂದ ಬಿಗಿದರು. ಯಂತ್ರದಿಂದ ಕೊರೆಯಬಹುದಾದ, ಬಿಚ್ಚಿ ಜೋಡಿಸಬಹುದಾದ, ಕೆಟ್ಟ ಭಾಗವನ್ನು ಬದಲಿಸಬಹುದಾದ ವಾದ್ಯ ಅದು. ಮಿತವ್ಯಯವೆಂಬುದು ಬೇಸ್ ಗಿಟಾರಿಗೆ ತರುವಾಯ ಅಂಟಿದ ದೋಷವಲ್ಲ, ಹುಟ್ಟಿನಿಂದ ಬಂದ ಗುಣ.

ಇದರ ನಾದ ಉತ್ಪನ್ನವಾಗುವ ಬಗೆಯೂ ಸರಳವಾದುದು. ತಂತಿಗಳ ಕೆಳಗೆ ಅಯಸ್ಕಾಂತ. ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಇದನ್ನು ಪಿಕಪ್ ಎನ್ನುತ್ತಾರೆ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಏರುಪೇರಾಗಿ ಸುರುಳಿಯಲ್ಲಿ ಅಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಧ್ವನಿಯಾಗಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡ ತತ್ತ್ವವೇ ಇದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರ ಹರಿದುಬಂದು ಈ ಗಣಿಗಳನ್ನು ನಡೆಸಿದ ವಿದ್ಯುತ್ತು ಹುಟ್ಟಿದ್ದೂ ಇದೇ ತತ್ತ್ವದಿಂದ. ಅಯಸ್ಕಾಂತ, ತಾಮ್ರಗಳೆರಡೂ ದುರ್ಲಭ ವಸ್ತುಗಳಲ್ಲ. ಆದುದರಿಂದ ಸಾಧಾರಣ ಬೆಲೆಯ ಪಿಕಪ್ ಕೂಡ ಕೇಳತಕ್ಕ ನಾದವನ್ನೇ ಕೊಡುತ್ತದೆ.

ಹಾಗಾದರೆ ವಾದ್ಯದ ನಿಜವಾದ ಯೋಗ್ಯತೆ ಅಡಗಿರುವುದು ಎಲ್ಲಿ? ದಂಡಿಯಲ್ಲಿ, ಅದರ ಮೆಟ್ಟಿಲುಗಳಲ್ಲಿ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಸ್ವರ ತಪ್ಪಿದರೆ ಮೇಳವನ್ನು ಮತ್ತೆ ಕಟ್ಟಿಸಬಹುದು. ಗಿಟಾರಿನ ಮೆಟ್ಟಿಲುಗಳನ್ನಾದರೋ ಮರದಲ್ಲಿ ಗಾಡಿ ಕೊರೆದು ಹೂಡಿರುತ್ತಾರೆ. ಸಾಮಾನ್ಯ ಬೇಸ್‌ನಲ್ಲಿ ನುಡಿಯುವ ತಂತಿಯ ಉದ್ದ 34 ಅಂಗುಲ. ಹನ್ನೆರಡನೆಯ ಮೆಟ್ಟಿಲು ಅದರ ಸರಿಅರ್ಧಕ್ಕೆ, ಅಂದರೆ 17 ಅಂಗುಲಕ್ಕೆ, ಬರಬೇಕು. ಉಳಿದವು ನಿಶ್ಚಿತ ಗಣಿತಕ್ಕನುಸಾರವಾಗಿ ಕ್ರಮೇಣ ಹತ್ತಿರವಾಗುತ್ತ ಸಾಗಬೇಕು. ಒಂದೊಂದು ಗಾಡಿಯೂ ಕೈಯಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಅಗ್ಗದ ವಾದ್ಯವೆಂದರೆ ಸ್ವರತಪ್ಪಿದ ವಾದ್ಯವೆಂಬ ಮಾತಿಗೆ ಆಧಾರವಿತ್ತು. ಇಂದು ಗಣಕದ ನಿಯಂತ್ರಣದಲ್ಲಿ ನಡೆಯುವ ಯಂತ್ರಗಳು ಈ ಕೆಲಸ ಮಾಡುತ್ತವೆ. ಯಂತ್ರಕ್ಕೆ ಅಗ್ಗದ ದಂಡಿ, ದುಬಾರಿ ದಂಡಿಯೆಂಬ ಭೇದವಿಲ್ಲ. ಕಳೆದ ಕೆಲವು ದಶಕಗಳಲ್ಲಿ ಅಲ್ಪಬೆಲೆಯ ವಾದ್ಯಗಳ ಗುಣ ಏರಿರುವುದಕ್ಕೆ ಇದೇ ಮುಖ್ಯ ಕಾರಣ.

ಇತಿಹಾಸವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕೊಂಡ ಹಾಫ್ನರ್ ಬೇಸ್‌ನ ಬೆಲೆ ಸುಮಾರು 30 ಪೌಂಡು. ಅಂದು ಫೆಂಡರ್ ವಾದ್ಯಕ್ಕೆ ಅದರ ಮೂರು ಪಟ್ಟಿಗೂ ಮಿಕ್ಕ ಬೆಲೆಯಿತ್ತು. ಆ ಹಾಫ್ನರ್ 1972ರಲ್ಲಿ ಕಳವಾಗಿ, ದಶಕಗಳ ಬಳಿಕ ಅವರಿಗೆ ಮರಳಿದ ವಾರ್ತೆ 2024ರಲ್ಲಿ ಪ್ರಕಟವಾಯಿತು. ಫೆಂಡರ್ ಸಂಸ್ಥೆಯೇ 1982ರಲ್ಲಿ ಜಪಾನಿನಲ್ಲಿ 'ಸ್ಕ್ವಯರ್' ಎಂಬ ಹೆಸರಿನಿಂದ ಕಡಿಮೆ ಬೆಲೆಯ ವಾದ್ಯಗಳ ತಯಾರಿಕೆ ಆರಂಭಿಸಿತು. ಇಂದು ಅವುಗಳಲ್ಲಿ ಕೆಲವನ್ನು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ನಮ್ಮ ದೇಶದಲ್ಲಿ 1991ರ ಉದಾರೀಕರಣಕ್ಕೆ ಮುನ್ನ ವಿದೇಶೀ ವಾದ್ಯಗಳ ಆಮದು ಲೈಸೆನ್ಸು, ಸುಂಕಗಳಿಂದ ಬಿಗಿಗೊಂಡಿದ್ದಾಗ, ಕಲ್ಕತ್ತೆಯ ಗಿವ್ಸನ್ ಮೊದಲಾದ ದೇಶೀಯ ತಯಾರಕರ ಗಿಟಾರುಗಳೇ ಕಲಿಯುವವರ ಕೈಹಿಡಿದಿದ್ದವು.

ಮರದ ವಿಷಯದಲ್ಲಿ ಕನ್ನಡನಾಡಿನವರು ತಿಳಿದಿರಬೇಕಾದ ಸಂಗತಿಯೊಂದುಂಟು. ದಂಡಿಯ ಮೇಲೆ ಬೆರಳಾಡುವ ಪಟ್ಟಿಗೆ ಜಗತ್ತಿನ ತಯಾರಕರು ದೀರ್ಘಕಾಲದಿಂದ ಬಳಸುತ್ತ ಬಂದಿರುವುದು ನಮ್ಮ ಮಲೆನಾಡು, ಕೊಡಗುಗಳಲ್ಲಿಯೂ ಬೆಳೆಯುವ ಬೀಟೆಮರವನ್ನು. 2017ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಬೀಟೆಯ ಜಾತಿಯ ಮರಗಳ ವ್ಯಾಪಾರಕ್ಕೆ ನಿರ್ಬಂಧ ಬಂದಾಗ (ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು) ಹಲವರು ಬದಲಿ ಮರಗಳನ್ನು ಅರಸಿದರು. ಅಗ್ಗದ ವಾದ್ಯಗಳಲ್ಲಿ 'ಇಂಡಿಯನ್ ಲಾರೆಲ್' ಎಂಬ ಹೆಸರಿನಿಂದ ಬರುತ್ತಿರುವ ಮರ ನಮ್ಮ ಕಾಡುಗಳ ಕರಿಮತ್ತಿಯೇ. ಬೀಟೆಯಲ್ಲವೆಂದ ಮಾತ್ರಕ್ಕೆ ವಾದ್ಯವನ್ನು ಹೀಗಳೆಯುವುದು ಸಲ್ಲದು.

ಹಾಗೆಂದು ಬೆಲೆಯಿಳಿಸಿದವನು ಏನನ್ನೂ ಬಿಟ್ಟಿಲ್ಲವೆಂದಲ್ಲ. ಉಳಿತಾಯವಾಗುವುದು ಮುಖ್ಯವಾಗಿ ಮನುಷ್ಯನ ಕೈಕೆಲಸದಲ್ಲಿ ಮತ್ತು ಲೋಹದ ಬಿಡಿಭಾಗಗಳಲ್ಲಿ: ಮೆಟ್ಟಿಲುಗಳ ತುದಿಗಳನ್ನು ನಯಗೊಳಿಸಿರುವುದಿಲ್ಲ, ಬಿರಡೆಗಳು ಸಡಿಲ, ಧ್ವನಿ ಹೆಚ್ಚುಕಡಿಮೆ ಮಾಡುವ ಗುಂಡಿಗಳು ಬೇಗ ಸವೆಯುತ್ತವೆ, ತಂತಿಗಳ ಎತ್ತರವನ್ನು ಯಾರೂ ಕುಳಿತು ಸರಿಪಡಿಸಿರುವುದಿಲ್ಲ. ಸಮಾಧಾನದ ವಿಷಯವೆಂದರೆ ಇವುಗಳಲ್ಲಿ ಬಹುಪಾಲು ತಿದ್ದಬಹುದಾದ ಕೊರತೆಗಳು. ಆದುದರಿಂದ ಕೊಳ್ಳುವಾಗ ತಿದ್ದಬಹುದಾದ ದೋಷವನ್ನೂ ತಿದ್ದಲಾಗದ ದೋಷವನ್ನೂ ಬೇರ್ಪಡಿಸುವುದೇ ಜಾಣತನ.

ಮೊದಲನೆಯದಾಗಿ, ದಂಡಿಯನ್ನು ಕಣ್ಣಿನ ನೇರಕ್ಕೆ ಹಿಡಿದು ಬುಡದಿಂದ ತುದಿಯವರೆಗೆ ನೋಡಬೇಕು. ಅದು ಅಲ್ಪಸ್ವಲ್ಪ ಬಾಗಿದ್ದರೆ ಒಳಗಿರುವ ಲೋಹದ ಸರಳನ್ನು ತಿರುಗಿಸಿ ಸರಿಪಡಿಸಬಹುದು. ತಿರುಚಿಕೊಂಡಿದ್ದರೆ ಆ ವಾದ್ಯವನ್ನು ಬಿಡುವುದೇ ಲೇಸು. ಎರಡನೆಯದಾಗಿ, ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಿನಲ್ಲಿಯೂ ಒತ್ತಿ ನುಡಿಸಬೇಕು. ಎಲ್ಲ ಕಡೆಯೂ ಝೇಂಕರಿಸಿದರೆ ತಂತಿಯ ಎತ್ತರ ಸರಿಯಿಲ್ಲವೆಂದರ್ಥ. ಹನ್ನೆರಡನೆಯ ಮೆಟ್ಟಿಲಿನ ಬಳಿ 2ರಿಂದ 3 ಮಿಲಿಮೀಟರ್ ಎತ್ತರ ಸಾಮಾನ್ಯವಾಗಿ ಸಾಕು. ಒಂದೇ ಜಾಗದಲ್ಲಿ ಸದ್ದು ಬಂದರೆ ಅಲ್ಲಿ ಮೆಟ್ಟಿಲು ಎದ್ದಿರುತ್ತದೆ. ಮೂರನೆಯದಾಗಿ, ತೆರೆದ ತಂತಿಯ ಸ್ವರವನ್ನೂ ಹನ್ನೆರಡನೆಯ ಮೆಟ್ಟಿಲಿನ ಸ್ವರವನ್ನೂ ಹೋಲಿಸಬೇಕು. ಎರಡನೆಯದು ಮೊದಲನೆಯದರ ಮೇಲಿನ ಷಡ್ಜದಂತೆ ಕೂಡಬೇಕು. ಕೂಡದಿದ್ದರೆ ಕುದುರೆಯನ್ನು ಹಿಂದೆ ಮುಂದೆ ಸರಿಸಿ ನೋಡಬೇಕು. ಆಗಲೂ ಕೂಡದಿದ್ದರೆ ಆ ವಾದ್ಯ ಬೇಡ. ನಾಲ್ಕನೆಯದಾಗಿ, ಶ್ರುತಿಮಾಡಿ ಹತ್ತು ನಿಮಿಷ ನುಡಿಸಿ ಮತ್ತೆ ಪರೀಕ್ಷಿಸಬೇಕು. ಕೋಲಾರ ಜಿಲ್ಲೆಯ ಬೇಸಗೆಯ ಒಣಹವೆಯಲ್ಲಿಯೂ ಮಳೆಗಾಲದ ತೇವದಲ್ಲಿಯೂ ಮರ ಕುಗ್ಗಿ ಹಿಗ್ಗುವುದರಿಂದ, ವರ್ಷಕ್ಕೆರಡು ಬಾರಿ ದಂಡಿಯ ಬಾಗನ್ನು ನೋಡಿಸುವುದು ಒಳ್ಳೆಯದು.

ವಾದ್ಯದಷ್ಟೇ ಮುಖ್ಯವಾದುದು ಆಂಪ್ಲಿಫೈಯರ್. ಬೇಸ್‌ನ ನಾಲ್ಕು ತಂತಿಗಳಲ್ಲಿ ಅತ್ಯಂತ ದಪ್ಪನಾದುದು ಸೆಕೆಂಡಿಗೆ ಸುಮಾರು 41 ಬಾರಿಯೂ ಅತ್ಯಂತ ತೆಳುವಾದುದು 98 ಬಾರಿಯೂ ಕಂಪಿಸುತ್ತವೆ. ಸಾಮಾನ್ಯ ಗಿಟಾರಿಗೆಂದು ಮಾಡಿದ ಸಣ್ಣ ಸ್ಪೀಕರು ಇಷ್ಟು ಕೆಳಗಿನ ಸ್ವರವನ್ನು ಸರಿಯಾಗಿ ಹೊರಡಿಸಲಾರದು. ಗಟ್ಟಿಯಾಗಿ ನುಡಿಸಿದರೆ ಹಾಳಾಗಲೂಬಹುದು. ಅನೇಕ ವೇಳೆ ವಾದ್ಯದ ಮೇಲೆ ಹೊರಿಸುವ ದೂರು ನಿಜವಾಗಿ ಸ್ಪೀಕರಿಗೆ ಸಲ್ಲತಕ್ಕದ್ದು. ಅಂತೆಯೇ ನಮ್ಮ ಮನೆ, ಶಾಲೆಗಳ ವಿದ್ಯುತ್ತಿನ ಕಂಪನ ಸೆಕೆಂಡಿಗೆ 50; ಅದರಿಂದ ಹುಟ್ಟುವ ಗುಂಯ್‌ಗುಡುವಿಕೆ ಬೇಸ್‌ನ ಸ್ವರಗಳ ನಡುವೆಯೇ ಬಂದು ಕೂರುತ್ತದೆ. ಫೆಂಡರ್ 1957ರಲ್ಲಿ ಪಿಕಪ್ಪನ್ನು ಎರಡು ಭಾಗವಾಗಿಸಿ ಈ ಗುಂಯ್‌ಕಾರವನ್ನು ತಗ್ಗಿಸಿದರು; ಅಗ್ಗದ ವಾದ್ಯಗಳಲ್ಲಿಯೂ ಆ ಮಾದರಿ ಇಂದು ಸುಲಭವಾಗಿ ದೊರೆಯುತ್ತದೆ. ಅರ್ತಿಂಗ್ ಸರಿಯಾಗಿರುವ ಮೂರು ಪಿನ್ನಿನ ಪ್ಲಗ್ಗು ನಾದಕ್ಕೂ ಒಳ್ಳೆಯದು, ನುಡಿಸುವವನ ಪ್ರಾಣರಕ್ಷಣೆಗೂ ಅವಶ್ಯ.

ದುಬಾರಿ ವಾದ್ಯದಿಂದ ಹೆಚ್ಚಿನ ಫಲವಿಲ್ಲವೆ ಎಂದರೆ, ಇದೆ. ಅದರ ಬಿಡಿಭಾಗಗಳು ವರ್ಷಾನುಗಟ್ಟಲೆ ಬಾಳುತ್ತವೆ, ಕೈಗೆ ಹಿತವಾಗಿರುತ್ತವೆ. ಪ್ರತಿದಿನ ವೇದಿಕೆಯೇರುವ ಕಲಾವಿದನಿಗೆ ಅದು ಬೇಕು. ಆದರೆ ಕಲಿಯುವವನಿಗೆ ಬೇಕಾದುದು ಸ್ವರ ತಪ್ಪದ, ಬೆರಳನ್ನು ನೋಯಿಸದ ವಾದ್ಯ. ಎಳೆಯ ಮಕ್ಕಳಿಗೆ 30 ಅಂಗುಲದ ಗಿಡ್ಡ ಅಳತೆಯ ಬೇಸ್ ಇನ್ನೂ ಅನುಕೂಲ.

ಶಾಲೆಗಳಿಗೆ ವಾದ್ಯದಾನ ಮಾಡುವ ಮಹನೀಯರೂ ಸಂಗೀತ ಕಲಿಸುವ ಅಧ್ಯಾಪಕರೂ ಗಮನಿಸಬೇಕಾದ ಅಂಶ ಇದೇ. ಇರುವ ಹಣವನ್ನೆಲ್ಲ ಒಂದು ಹೆಸರಾಂತ ವಾದ್ಯಕ್ಕೆ ಸುರಿಯುವುದಕ್ಕಿಂತ, ಪರೀಕ್ಷಿಸಿ ಆರಿಸಿದ ಸಾಧಾರಣ ವಾದ್ಯ, ಅದಕ್ಕೆ ತಕ್ಕ ಆಂಪ್ಲಿಫೈಯರ್, ಬದಲಿ ತಂತಿಗಳು ಮತ್ತು ಬಲ್ಲವನೊಬ್ಬನಿಂದ ಮಾಡಿಸಿದ ದುರಸ್ತಿ ಇವುಗಳಿಗೆ ಹಂಚುವುದು ಹೆಚ್ಚು ಫಲಕಾರಿ. ಪರೀಕ್ಷಿಸದೆ ಕೊಂಡ ವಾದ್ಯದಿಂದಾಗುವ ನಷ್ಟ ಹಣದ್ದಷ್ಟೇ ಅಲ್ಲ. ಮೆಟ್ಟಿಲು ತಪ್ಪಿದ ದಂಡಿಯಲ್ಲಿ ಅಭ್ಯಾಸ ಮಾಡುವ ಬಾಲಕ ಅಪಸ್ವರಕ್ಕೆ ವಾದ್ಯವನ್ನು ದೂರುವುದಿಲ್ಲ. ತನಗೆ ಕಿವಿಯಿಲ್ಲ, ಸಂಗೀತ ತನಗಲ್ಲ ಎಂದು ತಿಳಿದು ಸುಮ್ಮನಾಗುತ್ತಾನೆ. ಅಂಗಡಿಯಲ್ಲಿ ಹಿರಿಯರೊಬ್ಬರು ಕಳೆಯುವ ಅರ್ಧಗಂಟೆ ಈ ಹಾನಿಯನ್ನು ತಪ್ಪಿಸಬಲ್ಲುದು.