ಹತ್ತು ನಿಮಿಷದ ಊಟದ ಮನೆ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಾರ್ತ್ ಪ್ಲ್ಯಾಟ್ ರೈಲಿಗಾಗಿಯೇ ಹುಟ್ಟಿದ ಊರು. 1866ರಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿಯ ಹಳಿ ಅಲ್ಲಿಗೆ ಬಂತು, ಹಳಿಯ ಜೊತೆಗೇ ಊರೂ ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿದ್ದವರು ಸುಮಾರು 12 ಸಾವಿರ ಜನ. ಇಷ್ಟು ಚಿಕ್ಕ ಊರಿನ ನಿಲ್ದಾಣದಲ್ಲಿ 1941ರ ಕ್ರಿಸ್‌ಮಸ್ ದಿನದಿಂದ 1946ರ ಏಪ್ರಿಲ್ 1ರವರೆಗೆ ಸುಮಾರು 60 ಲಕ್ಷ ಸೈನಿಕರಿಗೆ ಕಾಸಿಲ್ಲದೆ ಕಾಫಿ, ಸ್ಯಾಂಡ್‌ವಿಚ್, ಕೇಕು ಸಿಕ್ಕವು. ಈ ಕಥೆ ಹೇಳುವವರು ಸಾಮಾನ್ಯವಾಗಿ ಊರವರ ದೊಡ್ಡ ಮನಸ್ಸನ್ನು ಕೊಂಡಾಡಿ ಮುಗಿಸುತ್ತಾರೆ. ಮನಸ್ಸು ದೊಡ್ಡದೇ, ಸಂಶಯವಿಲ್ಲ. ಆದರೆ ನಾಲ್ಕು ವರ್ಷಕ್ಕೂ ಮೀರಿ ದಿನವೂ ಒಲೆ ಉರಿಯಲು ಮನಸ್ಸೊಂದೇ ಸಾಲದು. ರೈಲು ಆ ಊರಿಗೆ ಕಲಿಸಿದ್ದ ಗಡಿಯಾರದ ಶಿಸ್ತೇ ಈ ದಾಸೋಹವನ್ನು ಎತ್ತಿ ನಿಲ್ಲಿಸಿತು ಎಂದು ನನಗನ್ನಿಸುತ್ತದೆ.

ಶುರುವಾದದ್ದು ತಪ್ಪು ಸುದ್ದಿಯಿಂದ. 1941ರ ಡಿಸೆಂಬರಿನಲ್ಲಿ ನೆಬ್ರಾಸ್ಕಾದ ಸೇನಾ ತುಕಡಿಯಾದ ‘ಡಿ’ ಕಂಪನಿಯ ಹುಡುಗರು ಬರುತ್ತಾರೆಂದು ಜನ ಉಡುಗೊರೆ ಹಿಡಿದು ನಿಲ್ದಾಣದಲ್ಲಿ ಕಾದರು. ರೈಲಿನಲ್ಲಿದ್ದವರು ಕಾನ್ಸಾಸಿನ ‘ಡಿ’ ಕಂಪನಿಯವರು. ತಂದದ್ದನ್ನು ಅವರಿಗೇ ಕೊಟ್ಟರು. ರೇ ವಿಲ್ಸನ್ ಎಂಬ ತರುಣಿ ಊರಿನ ಪತ್ರಿಕೆಗೆ ಕಾಗದ ಬರೆದು, ಇದನ್ನು ನಿತ್ಯದ ಕೆಲಸ ಮಾಡೋಣವೆಂದಳು. ಉಗಿ ಎಂಜಿನ್ನಿಗೆ ನೀರು ತುಂಬಲು, ಎಣ್ಣೆ ಹಾಕಲು ರೈಲುಗಳು ಅಲ್ಲಿ ಹತ್ತು-ಹದಿನೈದು ನಿಮಿಷ ನಿಲ್ಲಲೇಬೇಕಿತ್ತು. ಸೈನಿಕರ ರೈಲಿನ ವೇಳೆ ಯುದ್ಧಕಾಲದ ಗುಟ್ಟು. ರೈಲ್ವೆ ನೌಕರರು ಸುಳಿವು ಕೊಟ್ಟರೆ ಮಾತ್ರ ಕಾಫಿ ಹೊತ್ತಿಗೆ ಸರಿಯಾಗಿ ಸಿದ್ಧವಾಗುತ್ತಿತ್ತು. ಬಿರುಸಿನ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ರೈಲುಗಳು, ಸಾವಿರಗಟ್ಟಲೆ ಹಸಿದ ಹುಡುಗರು. ಸುತ್ತಲಿನ 125 ಊರುಗಳು ಸರದಿ ಹಂಚಿಕೊಂಡವು. ಸಕ್ಕರೆ ಪಡಿತರದ ಕಾಲದಲ್ಲಿ ಹೆಂಗಸರು ತಮ್ಮ ಮನೆಯ ಪಾಲನ್ನೇ ಕೇಕಿಗೆ ಸುರಿದರು. ಅಂದು ಹುಟ್ಟುಹಬ್ಬವಿದ್ದ ಸೈನಿಕನಿಗೆ ಇಡೀ ಕೇಕೇ ಸಿಗುತ್ತಿತ್ತು.

ದೇಶಪ್ರೇಮವೇ ಇದಕ್ಕೆ ಕಾರಣವಲ್ಲವೇ ಎಂದು ಕೇಳಬಹುದು. ದೇಶಪ್ರೇಮ ರೈಲು ನಿಲ್ಲದೆ ಓಡಿಹೋದ ಊರುಗಳಲ್ಲೂ ಇತ್ತು. ಇಂಥದ್ದೇ ಕ್ಯಾಂಟೀನಿಗೆ ಹೆಸರಾದ ಒಹಾಯೊದ ಡೆನಿಸನ್ ಕೂಡ ಎಂಜಿನ್ ನೀರು ಕುಡಿಯುತ್ತಿದ್ದ ರೈಲ್ವೆ ಊರೇ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. 1929ರ ಜುಲೈಯಲ್ಲಿ, ಕಪ್ಪು ವ್ಯಕ್ತಿಯೊಬ್ಬನಿಂದ ಪೊಲೀಸನೊಬ್ಬ ಸತ್ತಾಗ, ಇದೇ ನಾರ್ತ್ ಪ್ಲ್ಯಾಟಿನ ಗುಂಪು ತಮ್ಮ ನಡುವೆ ಬಾಳುತ್ತಿದ್ದ ಕಪ್ಪು ಜನರನ್ನು ಊರು ಬಿಡಿಸಿತು. ಹದಿಮೂರು ವರ್ಷ ಕಳೆಯುವುದರೊಳಗೆ ಅದೇ ಊರು ಅಪರಿಚಿತರಿಗೆ ಬಾಗಿಲು ತೆರೆಯಿತು. ಕ್ಯಾಂಟೀನಿನಲ್ಲಿ ಕಪ್ಪು ಸೈನಿಕರಿಗೂ ತಿಂಡಿ ಸಿಕ್ಕಿತು. ಊರಿನ ಜನ ಹುಟ್ಟಾ ಸಾಧುಗಳೆಂದು ನಂಬಿದವರು ಈ ಎರಡನ್ನೂ ಒಟ್ಟಿಗೆ ವಿವರಿಸಲಾರರು. ಕೈಗೊಂದು ಕೆಲಸ, ಅದಕ್ಕೊಂದು ವೇಳೆ, ಕಣ್ಣೆದುರು ಹಸಿದ ಮುಖ ಇದ್ದಾಗ ಅದೇ ಜನ ಬೇರೆಯೇ ಆಗಿ ನಡೆದುಕೊಂಡರು ಎಂಬುದಷ್ಟೇ ನಿಜ. ಹಳೆಯ ಅನ್ಯಾಯವನ್ನು ಕೇಕು ತೊಳೆಯುವುದಿಲ್ಲ.

ಉಗಿ ಎಂಜಿನ್ ಹೋಗಿ ಡೀಸೆಲ್ ಬಂತು. ಈಗ ಆ ಊರಿನಲ್ಲಿ ಸುಮಾರು 2,850 ಎಕರೆಯ ಬೇಯ್ಲಿ ಯಾರ್ಡ್ ಇದೆ, ಜಗತ್ತಿನಲ್ಲೇ ಅತಿ ದೊಡ್ಡ ಗೂಡ್ಸ್ ಯಾರ್ಡ್. ಪ್ರಯಾಣಿಕರ ರೈಲು ಮಾತ್ರ 1971ರಲ್ಲಿ ನಿಂತುಹೋಯಿತು. ಕ್ಯಾಂಟೀನ್ ನಡೆದ ಕಟ್ಟಡವನ್ನು 1973ರಲ್ಲಿ ಕೆಡವಿದರು.